ಎರಡು ದಿನ, ಏಳು ದೇವಸ್ಥಾನ

ಮನೆಗೊಬ್ಬ ಪ್ಲಾನಪ್ಪ ಇರುತ್ತಾನೆ. ಆಧಾರ್ ಕಾರ್ಡಿನಲ್ಲಿ ಅವನ ಹೆಸರು ಬೇರೆ ಇರಬಹುದು, ಆಫೀಸಿನಲ್ಲಿ ಅವನು ಯಾರ ಕಣ್ಣಿಗೂ ಬೀಳದ ನೌಕರನಾಗಿರಬಹುದು, ಮದುವೆ ಮುಂಜಿಗಳಲ್ಲಿ ಪಂಕ್ತಿಯ ಕೊನೆಗೆ ಕೂತು ಉಂಡೆದ್ದು ಹೋಗುವ ಸಂಭಾವಿತನೂ ಆಗಿರಬಹುದು. ಆದರೆ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬರು ‘ಈ ಸಲ ಎಲ್ಲರೂ ಸೇರಿ ಉಡುಪಿಗೆ ಹೋಗಿ ಬಂದುಬಿಡೋಣ’ ಎಂದು ಬರೆದರೆ ಸಾಕು, ಅವನೊಳಗೆ ಮಲಗಿದ್ದ ದಂಡನಾಯಕ ಎದ್ದು ಕೂರುತ್ತಾನೆ. ಬರೆದವರಿಗೆ ಅದು ಬರೀ ಬಾಯಿಚಪಲ. ಕನ್ನಡದಲ್ಲಿ ‘ಹೋಗೋಣ’ ಎನ್ನುವುದಕ್ಕೂ ‘ಹೋಗಿ ಬಂದುಬಿಡೋಣ’ ಎನ್ನುವುದಕ್ಕೂ ಅಜಗಜಾಂತರವಿದೆ. ಮೊದಲನೆಯದು ಆಸೆ, ಎರಡನೆಯದನ್ನು ಹಲ್ಲು ಕೀಳಿಸಲು ಹೊರಟವರೂ ಬಳಸುತ್ತಾರೆ. ಪ್ಲಾನಪ್ಪನಿಗೆ ಈ ಸೂಕ್ಷ್ಮ ತಿಳಿಯುವುದಿಲ್ಲ. ಅರ್ಧ ಗಂಟೆಯೊಳಗೆ ‘ಉಡುಪಿ ಟ್ರಿಪ್’ ಎಂಬ ಹೊಸ ಗುಂಪು ಹುಟ್ಟುತ್ತದೆ. ಊಟದ ಹೊತ್ತಿಗೆ ಗಳಿಗೆ ಗಳಿಗೆಯ ಲೆಕ್ಕವಿರುವ ಪಟ್ಟಿ ಬರುತ್ತದೆ. ಮರುದಿನ ಅದಕ್ಕೆ ‘ಫೈನಲ್’ ಎಂದು ಹೆಸರು, ಅದರ ಮರುದಿನ ‘ಫೈನಲ್ 2’, ವಾರದ ಕೊನೆಗೆ ‘ಫೈನಲ್, ಇದೇ ಕೊನೆ’. ಪಟ್ಟಿಯ ಮೊದಲ ಸಾಲು: ‘ಬೆಳಗ್ಗೆ 5.40ಕ್ಕೆ ಮನೆ ಬಿಡುವುದು’. ಐದೂವರೆಯಲ್ಲ, ಆರೂ ಅಲ್ಲ. ಆ ಹತ್ತು ನಿಮಿಷ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. 5.40 ಎಂದು ಬರೆಯಬಲ್ಲವನು ಎಲ್ಲ ತಿಳಿದೇ ಬರೆದಿರುತ್ತಾನೆ ಎಂದು ಸುಮ್ಮನಾಗುತ್ತಾರೆ.

ಇಂಥವನನ್ನು ನೋಡಿ ನಗದ ನೆಂಟರಿಲ್ಲ. ನಗಲಿ, ತಪ್ಪೇನಿಲ್ಲ. ಆದರೆ ನಗುವವರ ಲೆಕ್ಕದಲ್ಲಿ ಒಂದು ದೋಷವಿದೆ. ಪಟ್ಟಿ ಇರುವುದು ಪ್ರವಾಸ ಅದರಂತೆ ನಡೆಯಲೆಂದು, ನಡೆಯದಿದ್ದರೆ ಪ್ಲಾನಪ್ಪ ಸೋತನೆಂದು ಅವರು ತಿಳಿದಿರುತ್ತಾರೆ. ನನ್ನ ವಾದ ಇದಕ್ಕೆ ತಿರುಗುಮುರುಗು. ಕುಟುಂಬ ಪ್ರವಾಸದ ಪಟ್ಟಿ ಇರುವುದೇ ಮುರಿಯುವುದಕ್ಕೆ; ಅದನ್ನು ಎಲ್ಲರೂ ಕೂಡಿ ಮುರಿಯುವ ಸುಖಕ್ಕೇ ಪ್ರವಾಸವೆಂದು ಹೆಸರು. ವಿಟ್ಲಪಿಂಡಿಯ ದಿನ ಉಡುಪಿಯ ರಥಬೀದಿಯಲ್ಲಿ ಮೊಸರುಕುಡಿಕೆಗಳನ್ನು ಎಷ್ಟು ಜತನದಿಂದ ಕಟ್ಟಿ ತೂಗುಹಾಕುತ್ತಾರೆ ನೋಡಿ. ಒಡೆಯಲೆಂದೇ ಕಟ್ಟುವುದು. ಹಾಗೆಂದು ‘ಹೇಗೂ ಒಡೆಯುವುದಲ್ಲ, ನೆಲದ ಮೇಲೇ ಇಟ್ಟುಬಿಡಿ’ ಎಂದು ಯಾರಾದರೂ ಹೇಳಿದರೆ ಅವರಿಗೆ ಹಬ್ಬದ ಗಂಧವೇ ಇಲ್ಲವೆಂದು ಅರ್ಥ. ಕುಡಿಕೆ ಎತ್ತರದಲ್ಲಿರಬೇಕು, ಹಗ್ಗ ಬಿಗಿಯಾಗಿರಬೇಕು. ಪ್ಲಾನಪ್ಪ ಮಾಡುವುದು ಅಷ್ಟೇ: ಎತ್ತರಕ್ಕೆ ಕಟ್ಟುತ್ತಾನೆ.

ಎಷ್ಟು ಎತ್ತರಕ್ಕೆ ಎಂಬುದಕ್ಕೆ ರೈಲಿನ ಪ್ರಕರಣವೊಂದೇ ಸಾಕು. ಮುಂಗಡ ಬುಕಿಂಗ್ 120 ದಿನ ಮೊದಲೇ ತೆರೆಯುತ್ತಿದ್ದ ಕಾಲ ಅವನ ಪಾಲಿನ ಕೃತಯುಗ. 2024ರ ನವೆಂಬರ್ 1ರಿಂದ ರೈಲ್ವೆ ಅದನ್ನು 60 ದಿನಕ್ಕೆ ಇಳಿಸಿದಾಗ ದೇಶದ ಉಳಿದ ಪ್ರಯಾಣಿಕರು ನಿಟ್ಟುಸಿರು ಬಿಟ್ಟಿರಬಹುದು. ಪ್ಲಾನಪ್ಪನ ಪಾಲಿಗೆ ಅರ್ಧ ಆಯುಷ್ಯವೇ ಕಡಿತವಾಯಿತು. ಆದರೂ ಅರವತ್ತನೆಯ ದಿನ ಬೆಳಗ್ಗೆ ಎಂಟಕ್ಕೆ ಸರಿಯಾಗಿ ಅವನು ಸ್ನಾನ ಮುಗಿಸಿ ಮೊಬೈಲಿನ ಮುಂದೆ ಕೂತಿರುತ್ತಾನೆ. ಒಂದು ಟಿಕೆಟ್ಟಿನಲ್ಲಿ ಆರು ಜನಕ್ಕಷ್ಟೇ ಜಾಗ. ಒಂಬತ್ತು ಜನರ ಕುಟುಂಬವನ್ನು ಆರು ಮತ್ತು ಮೂರು ಎಂದು ಒಡೆಯುವುದು ರೈಲ್ವೆಗೆ ನೀರು ಕುಡಿದಷ್ಟು ಸುಲಭ, ಕುಟುಂಬಕ್ಕೆ ಅಲ್ಲ. ಆ ಮೂವರು ಯಾರು? ಯಾರ ಹೆಸರು ಹಾಕಿದರೂ ‘ನಮ್ಮನ್ನು ಯಾವಾಗಲೂ ಬೇರೆಯೇ ಇಟ್ಟಿದ್ದೀರಿ’ ಎಂಬ ಮಾತು ಮುಂದಿನ ಗೌರಿಹಬ್ಬದವರೆಗೆ ಕೇಳಿಬರುತ್ತದೆ. ಅದನ್ನೂ ಹೇಗೋ ದಾಟಿದರೆ ಇನ್ನೊಂದು ಕೊರಗು. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟದ ಹಾದಿ ಸುಮಾರು 55 ಕಿಲೋಮೀಟರು, ಅದರಲ್ಲಿ 57 ಸುರಂಗ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಅದನ್ನು ದಾಟುವುದು ನಡುರಾತ್ರಿಯಲ್ಲಿ. ಐವತ್ತೇಳನ್ನೂ ಮನೆಮಂದಿ ಗೊರಕೆಯಲ್ಲೇ ದಾಟಿದರೆ ತಾನು ಓದಿಕೊಂಡದ್ದನ್ನು ಯಾರಿಗೆ ಹೇಳುವುದು? ಕೊನೆಗೆ ಹನ್ನೆರಡು ಸೀಟಿನ ಟಿಟಿ ಗಾಡಿಯೇ ಗತಿ ಎಂದಾಗುತ್ತದೆ. ಅಲ್ಲಿಂದ ಶಿರಾಡಿಯೋ ಚಾರ್ಮಾಡಿಯೋ ಆಗುಂಬೆಯೋ ಎಂಬ ಎರಡನೆಯ ಮಹಾಚರ್ಚೆ. ಮೂರರಲ್ಲಿ ಯಾವ ಘಟ್ಟ ಹಿಡಿದರೂ ವಾಂತಿ ಮಾಡಿಕೊಳ್ಳುವ ಒಂದು ಮಗು ಮನೆಯಲ್ಲಿ ಇದ್ದೇ ಇರುತ್ತದೆ, ಆದ್ದರಿಂದ ಆ ಚರ್ಚೆಯನ್ನು ಇಲ್ಲಿ ಬೆಳೆಸುವುದಿಲ್ಲ.

ಇನ್ನು ಪಟ್ಟಿಯ ಮೈ ಬೆಳೆಯುವ ಬಗೆ. ಮೊದಲ ದಿನ ಅದರಲ್ಲಿದ್ದದ್ದು ಉಡುಪಿಯೊಂದೇ. ಆಮೇಲೆ ‘ಇಲ್ಲೇ ಪಕ್ಕದಲ್ಲಿ’ ಎಂಬ ಮಂತ್ರ ಕೆಲಸ ಶುರುಮಾಡುತ್ತದೆ. ಚಾರ್ಮಾಡಿಯಲ್ಲಿ ಇಳಿಯುವುದಾದರೆ ಧರ್ಮಸ್ಥಳ ದಾರಿಯಲ್ಲೇ ಸಿಗುತ್ತದೆ. ಉಡುಪಿಗೆ ಹೋದವರು ಕುಂಭಾಶಿಯ ಆನೆಗುಡ್ಡೆ ಗಣಪತಿಗೆ ಕೈಮುಗಿಯದೆ ಬರುವುದುಂಟೆ? ಅಲ್ಲಿಯವರೆಗೆ ಹೋದ ಮೇಲೆ ಕೊಲ್ಲೂರು ಏನು ಮಹಾ ದೂರ? ಕೊಲ್ಲೂರು ಆದರೆ ಮುರುಡೇಶ್ವರ, 123 ಅಡಿಯ ಶಿವ, ಇಪ್ಪತ್ತು ಅಂತಸ್ತಿನ ರಾಜಗೋಪುರ, ಅದರ ಲಿಫ್ಟು. ಮುರುಡೇಶ್ವರ ಆದರೆ ಇಡಗುಂಜಿ. ಇಡಗುಂಜಿ ಆದ ಮೇಲೆ ಶರಾವತಿ ದಾಟಿದರೆ ಗೋಕರ್ಣ ಬಂದೇಬಿಟ್ಟಿತು. ಹೀಗೆ ಏಳು ದೇವಸ್ಥಾನ, ಎರಡು ದಿನ, ಬೆಂಗಳೂರಿನಿಂದ ಹೋಗಿ ಬರುವ ಹಾದಿ ಸಾವಿರ ಕಿಲೋಮೀಟರಿಗೂ ಮೀರಿದ್ದು. ಮಧ್ಯಾಹ್ನದ ಹೊತ್ತು ಬಾಗಿಲು ಹಾಕುವ ದೇವಸ್ಥಾನ ಯಾವುದು, ಮಧ್ಯಾಹ್ನವೇ ಅನ್ನಪ್ರಸಾದ ಬಡಿಸುವ ದೇವಸ್ಥಾನ ಯಾವುದು ಎಂದು ತಾಳೆ ಹಾಕಿ, ಒಂದರ ಬಾಗಿಲಿಗೂ ಇನ್ನೊಂದರ ಎಲೆಗೂ ನಡುವೆ ಗಾಡಿಯನ್ನು ಸೂಜಿಯ ಕಣ್ಣಿಗೆ ದಾರ ಪೋಣಿಸಿದಂತೆ ಪೋಣಿಸಿರುತ್ತಾನೆ. ಕಾಗದದ ಮೇಲೆ ಅದೊಂದು ಶಿಲ್ಪ.

ಇದು ಭಕ್ತಿಯಲ್ಲ, ದುರಾಸೆ ಎನ್ನುವವರಿದ್ದಾರೆ. ಒಂದು ಊರಿನಲ್ಲಿ ನೆಮ್ಮದಿಯಾಗಿ ಎರಡು ದಿನ ಇದ್ದು ಬಂದರೆ ಸಾಲದೆ ಎಂದು ಕೇಳುತ್ತಾರೆ. ಕೇಳುವವರು ಸಾಮಾನ್ಯವಾಗಿ ಹರಕೆ ಹೊರದವರು. ಕುಟುಂಬವೆಂದರೆ ತೀರದ ಹರಕೆಗಳ ಒಂದು ದೊಡ್ಡ ಖಾತೆ. ಮೊಮ್ಮಗ ಎಸ್ಸೆಸ್ಸೆಲ್ಸಿ ಪಾಸಾದರೆ ಮೂಕಾಂಬಿಕೆಗೆ ಸೀರೆ ಎಂದು ಅಜ್ಜಿ ಹೇಳಿಕೊಂಡಿರುತ್ತಾಳೆ. ಆ ಮೊಮ್ಮಗ ಈಗ ಇಂಜಿನಿಯರು. ಸೈಟಿನ ಖಾತೆ ಆದರೆ ಮಂಜುನಾಥನಿಗೆ ಮುಡಿ ಎಂದು ಒಬ್ಬರು, ನಾದಿನಿಗೆ ಗಂಡು ಗೊತ್ತಾದರೆ ಗಣಪತಿಗೆ ಪಂಚಕಜ್ಜಾಯ ಎಂದು ಇನ್ನೊಬ್ಬರು. ಬ್ಯಾಂಕಿನ ಸಾಲವಾದರೆ ತಿಂಗಳಿಗೊಮ್ಮೆ ಮೆಸೇಜು ಬಂದು ನೆನಪಿಸುತ್ತದೆ. ದೇವರ ಸಾಲ ಹಾಗಲ್ಲ. ಮನೆಯಲ್ಲಿ ಯಾರಿಗಾದರೂ ಜ್ವರ ಮೂರು ದಿನ ಬಿಡದಿದ್ದಾಗಲೇ ಅದು ನೆನಪಾಗುವುದು. ಆ ಖಾತೆಯ ಗುಮಾಸ್ತ ನಮ್ಮ ಪ್ಲಾನಪ್ಪ. ಅವನ ಏಳು ದೇವಸ್ಥಾನಗಳಲ್ಲಿ ತನ್ನ ಸ್ವಂತದ್ದು ಒಂದೂ ಇರುವುದಿಲ್ಲ. ವರ್ಷದಲ್ಲಿ ಒಂದೇ ಸಲ, ಅದೂ ಶನಿವಾರ ಭಾನುವಾರಕ್ಕೆ ಹೊಂದಿಸಿ ಹೊರಡುವ ಜನ, ಸಾಲವನ್ನೆಲ್ಲ ಒಂದೇ ಏಟಿಗೆ ತೀರಿಸಲು ನೋಡುವುದನ್ನು ದುರಾಸೆ ಎನ್ನುವುದು ನ್ಯಾಯವಲ್ಲ.

ಕಾಗದದ ಶಿಲ್ಪ ನೆಲಕ್ಕೆ ತಾಗುವುದು ಉಡುಪಿಯಲ್ಲಿ. ಪಟ್ಟಿಯ ಪ್ರಕಾರ ಕೃಷ್ಣದರ್ಶನಕ್ಕೆ 45 ನಿಮಿಷ. ಗಂಡಸರು ಅಂಗಿ ಬಿಚ್ಚುವುದಕ್ಕೂ ತೊಡುವುದಕ್ಕೂ ಬೇರೆಯಾಗಿ ಮೂರು ನಿಮಿಷ. ಸರತಿ ಎಷ್ಟುದ್ದವಿದೆ, ನಿಮಿಷಕ್ಕೆ ಎಷ್ಟು ಜನ ಮುಂದೆ ಸರಿಯುತ್ತಾರೆ ಎಂದು ಅವನು ಎಣಿಸುತ್ತಿರುವಾಗ ಮಂಡಿನೋವಿನ ಅಜ್ಜಿ ಎಲ್ಲಿ ಎಂದು ಹುಡುಕಾಟ ಶುರುವಾಗುತ್ತದೆ. ಅಜ್ಜಿ ಪಶ್ಚಿಮದ ಕಡೆ ಹೋಗಿ, ಕನಕನ ಕಿಂಡಿಯಲ್ಲಿ ಕೃಷ್ಣನನ್ನು ಕಣ್ತುಂಬ ನೋಡಿ, ರಥಬೀದಿಯಲ್ಲಿ ಮಲ್ಲಿಗೆಯವಳ ಜೊತೆ ನಾಲ್ಕು ಚೆಂಡಿಗೆ ಒಂದು ಅಟ್ಟೆಯ ಲೆಕ್ಕದಲ್ಲಿ ಚೌಕಾಸಿಗೆ ಇಳಿದಿರುತ್ತಾಳೆ. ಸರತಿಯಲ್ಲಿ ನಿಲ್ಲಲಾಗದವರಿಗೆ ಆ ಊರು ನೂರಾರು ವರ್ಷಗಳಿಂದ ಒಂದು ಕಿಂಡಿಯನ್ನು ತೆರೆದಿಟ್ಟಿದೆ. ಪಟ್ಟಿಯಲ್ಲಿ ಅದಕ್ಕೆ ಸಾಲಿರಲಿಲ್ಲ. ಮುಂದಿನದು ‘ಐಸ್‌ಕ್ರೀಂ, 10 ನಿಮಿಷ’. ಗಡ್‌ಬಡ್ ಎಂಬ ಆ ಪದಾರ್ಥದ ಹೆಸರಿನಲ್ಲಷ್ಟೇ ಅವಸರವಿದೆ. ಎತ್ತರದ ಗಾಜಿನ ಲೋಟದ ತಳದಲ್ಲಿರುವ ಹಣ್ಣಿನ ಚೂರುಗಳನ್ನು ಉದ್ದ ಚಮಚದಿಂದ ಮೇಲಕ್ಕೆತ್ತುವುದು ಹತ್ತು ನಿಮಿಷದಲ್ಲಿ ಆಗುವ ಕೆಲಸವಲ್ಲ, ಮಕ್ಕಳಿದ್ದರಂತೂ ಇಲ್ಲವೇ ಇಲ್ಲ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೂ ಒಂದು ಸಾಲಿರುತ್ತದೆ. ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಂಡ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಕಲ್ಲಿನ ಕಂಬಗಳಿಗೆ ಪ್ಲಾನಪ್ಪ ಕೊಟ್ಟಿರುವುದು 25 ನಿಮಿಷ. ಆ ಇಪ್ಪತ್ತೈದೂ ಭಾವಮೈದುನನ ಚಪ್ಪಲಿ ಹುಡುಕುವುದರಲ್ಲಿ ಕಳೆಯುತ್ತದೆ.

ಭಾವಮೈದುನನ ಮಾತು ಬಂದದ್ದರಿಂದ ಹೇಳಬೇಕು. ಪ್ಲಾನಿಗೆ ಎದುರಾಡುವವನಿಂದ ಪ್ಲಾನಿಗೆ ಅಪಾಯವಿಲ್ಲ. ‘ನನಗೆ ಏನಾದರೂ ಸರಿ’ ಎನ್ನುವವನಿಂದ ಇದೆ. ಎದುರಾಡುವವನು ಹೊರಡುವ ಮೊದಲೇ ಜಗಳವಾಡಿ ಮುಗಿಸಿರುತ್ತಾನೆ. ‘ಏನಾದರೂ ಸರಿ’ಯವನು ಎರಡು ತಿಂಗಳು ಬಾಯಿ ಬಿಡದೆ, ಕೊಲ್ಲೂರಿನಿಂದ ಇಳಿಯುವಾಗ ನಿಧಾನವಾಗಿ ಕೇಳುತ್ತಾನೆ: ‘ಮರವಂತೆ ಯಾವಾಗ ಬರುತ್ತೆ?’ ಮರವಂತೆ ಬರುವುದಿಲ್ಲ. ಕೊಲ್ಲೂರಿನಿಂದ ಬೈಂದೂರಿಗೆ ಇಳಿದರೆ ಮುರುಡೇಶ್ವರ ಹತ್ತಿರ. ಮರವಂತೆ ಬೇಕೆಂದರೆ ಹಿಂದಕ್ಕೆ ಹೆಮ್ಮಾಡಿಗೆ ಬಂದು ಹೆದ್ದಾರಿ ಹಿಡಿಯಬೇಕು. ಅದು ಸುತ್ತು ಎಂದು ಪ್ಲಾನಪ್ಪ ವಿವರಿಸುವಷ್ಟರಲ್ಲಿ ಮಕ್ಕಳೆಲ್ಲ ಮರವಂತೆ ಮರವಂತೆ ಎಂದು ಕೂಗತೊಡಗಿರುತ್ತಾರೆ. ಗಾಡಿ ತಿರುಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ರಸ್ತೆ. ಬೆಳಗ್ಗೆ ಕೊಲ್ಲೂರಿನಲ್ಲಿ ಅವಸರದಲ್ಲಿ ಕಾಲು ತೊಳೆದುಕೊಂಡ ಅದೇ ಹೊಳೆ ಇಲ್ಲಿ ಕಡಲ ಮಗ್ಗುಲಿಗೆ ಬಂದು ಮಲಗಿರುತ್ತದೆ. ಹತ್ತು ನಿಮಿಷಕ್ಕೆಂದು ಇಳಿದವರು ಒಂದೂವರೆ ಗಂಟೆ ಏಳುವುದಿಲ್ಲ. ಇಡಗುಂಜಿಯ ದರ್ಶನ ಅಲ್ಲೇ ಕೈತಪ್ಪುತ್ತದೆ. ಮುಂದೆ ಹತ್ತು ವರ್ಷ ಮನೆಯಲ್ಲಿ ಆ ಪ್ರವಾಸದ ಮಾತು ಬಂದಾಗಲೆಲ್ಲ ನೆನಪಾಗುವುದು ಆ ಒಂದೂವರೆ ಗಂಟೆಯೇ, ಮುರುಡೇಶ್ವರದ ಲಿಫ್ಟಲ್ಲ.

ಹಾಗಾದರೆ ಪಟ್ಟಿಯೇ ಬೇಡವಲ್ಲ, ಸುಮ್ಮನೆ ಹೊರಟರೆ ಎಲ್ಲ ಊರೂ ಮರವಂತೆಯಾಗುತ್ತಿತ್ತಲ್ಲ ಎಂದು ಇಲ್ಲಿ ಯಾರಾದರೂ ಕೇಳಬೇಕು. ಬೆನ್ನಿಗೊಂದು ಚೀಲ ಹಾಕಿಕೊಂಡು ಗೋಕರ್ಣದ ಕುಡ್ಲೆಯಲ್ಲೋ ಓಂ ಕಡಲತೀರದಲ್ಲೋ ಬಂದಿಳಿಯುವ ಹುಡುಗರು ಹಾಗೆಯೇ ಮಾಡುತ್ತಾರೆ, ಅವರಿಗದು ಸಲ್ಲುತ್ತದೆ. ಆದರೆ ಅವರ ಜೊತೆ ಊಟಕ್ಕೆ ಅರ್ಧ ಗಂಟೆ ಮೊದಲು ಮಾತ್ರೆ ನುಂಗಬೇಕಾದ ಅಜ್ಜಿ ಇರುವುದಿಲ್ಲ. ಕುಟುಂಬವನ್ನು ಪಟ್ಟಿಯಿಲ್ಲದೆ ಬಿಟ್ಟರೆ ಅದು ಎಲ್ಲಿಗೂ ಹೋಗುವುದಿಲ್ಲ, ಅದೇ ಅದರ ಸ್ವಭಾವ. ಪ್ಲಾನಿಲ್ಲದೆ ಉಡುಪಿಗೆ ಬಂದು ಸುಖವಾಗಿ ನೆಲೆಸಿದವನು ಕೃಷ್ಣನೊಬ್ಬನೇ ಎನ್ನಬಹುದು: ದ್ವಾರಕೆಯ ಕಡೆಯ ಹಡಗಿನಲ್ಲಿ ಭಾರಕ್ಕೆಂದು ಇಟ್ಟ ಗೋಪೀಚಂದನದ ಗಡ್ಡೆಯೊಳಗೆ ಕೂತು, ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಿ, ಮಧ್ವಾಚಾರ್ಯರ ಕೈಸೇರಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಅಲ್ಲಿಯೂ ಹಡಗಿನವನಿಗೆ ಒಂದು ಪ್ಲಾನಿತ್ತೆಂಬುದನ್ನು ಮರೆಯಬಾರದು. ಅವನು ಎಲ್ಲಿಗೋ ಹೊರಟಿದ್ದ. ಹೊರಡದೆ ಮನೆಯಲ್ಲೇ ಇದ್ದಿದ್ದರೆ ಬಿರುಗಾಳಿ ಕೆಡಿಸಲು ಏನೂ ಇರುತ್ತಿರಲಿಲ್ಲ, ಉಡುಪಿಗೆ ಕೃಷ್ಣನೂ ಇರುತ್ತಿರಲಿಲ್ಲ.

ಈ ಕರಾವಳಿಯ ಸ್ಥಳಪುರಾಣಗಳೆಲ್ಲ ನನ್ನ ಪಕ್ಷದಲ್ಲೇ ಸಾಕ್ಷಿ ಹೇಳುತ್ತವೆ. ಗೋಕರ್ಣವನ್ನೇ ನೋಡಿ. ಕೈಲಾಸದಿಂದ ಲಂಕೆಗೆ ಆತ್ಮಲಿಂಗವನ್ನು ಒಯ್ಯಲು ರಾವಣ ಹಾಕಿಕೊಂಡದ್ದಕ್ಕಿಂತ ಬಿಗಿಯಾದ ಪ್ಲಾನನ್ನು ಬೇರೆ ಯಾರೂ ಹಾಕಿಲ್ಲ. ಒಂದೇ ನಿಬಂಧನೆ: ನಡುವೆ ಎಲ್ಲೂ ಕೆಳಗಿಡುವಂತಿಲ್ಲ. ಪ್ಲಾನಪ್ಪನ ಭಾಷೆಯಲ್ಲಿ ಹೇಳುವುದಾದರೆ ನಾನ್‌ಸ್ಟಾಪ್. ಹತ್ತು ತಲೆಯವನೂ ಮರೆತದ್ದು ದಾರಿಯಲ್ಲಿ ಸಂಜೆಯಾಗುತ್ತದೆ ಎಂಬುದನ್ನು. ಸಂಧ್ಯಾವಂದನೆಗೆ ನಿಂತ, ಲಿಂಗವನ್ನು ಒಬ್ಬ ಹುಡುಗನ ಕೈಗೆ ಕೊಟ್ಟ. ‘ಹೊಳೆಯ ಹತ್ತಿರ ಹೋಗಿ ಬರ್ತೀನಿ, ಮಗುವನ್ನು ಸ್ವಲ್ಪ ಹಿಡ್ಕೋ’ ಎಂದು ಹೇಳುವ ಯಾವ ತಂದೆಗೂ ಮುಂದಿನದನ್ನು ವಿವರಿಸಬೇಕಿಲ್ಲ. ಹುಡುಗ ಮೂರು ಸಲ ಕರೆದ, ಕೆಳಗಿಟ್ಟ. ರಾವಣ ಸಿಟ್ಟಿನಲ್ಲಿ ಕಿತ್ತ, ಲಿಂಗ ಹಸುವಿನ ಕಿವಿಯಂತೆ ತಿರುಚಿ ನಿಂತಿತು. ಅದರ ಹೊದಿಕೆ, ದಾರಗಳನ್ನೆಲ್ಲ ದಿಕ್ಕುದಿಕ್ಕಿಗೆ ಎಸೆದ. ವಸ್ತ್ರ ಬಿದ್ದದ್ದು ಮುರುಡೇಶ್ವರದಲ್ಲಿ. ಅಂದರೆ ಪ್ಲಾನಪ್ಪನ ಪಟ್ಟಿಯ ಎರಡು ಸಾಲುಗಳು ಹುಟ್ಟಿದ್ದೇ ಇನ್ನೊಬ್ಬನ ಪಟ್ಟಿ ಹರಿದುಹೋದದ್ದರಿಂದ. ರಾವಣ ‘ಹೇಗಾದರೂ ಆಗಲಿ’ ಎಂದು ಹೊರಡುವ ಜಾತಿಯವನಾಗಿದ್ದರೆ ಕೆಡಲು ಪ್ಲಾನೇ ಇರುತ್ತಿರಲಿಲ್ಲ.

ಇದಕ್ಕೊಂದು ದೊಡ್ಡ ಅಪವಾದವಿದೆ, ಮುಚ್ಚಿಡುವಂತಿಲ್ಲ. ಉಡುಪಿಯ ಅಷ್ಟಮಠಗಳ ಪರ್ಯಾಯ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ. ಒಂದು ಸುತ್ತಿಗೆ 16 ವರ್ಷ. ಪರ್ಯಾಯಕ್ಕೆ ವರ್ಷವಿರುವಾಗಲೇ ಬಾಳೆ ಮುಹೂರ್ತವೆಂದು ಬಾಳೆಗಿಡ ನೆಡುತ್ತಾರೆ, ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಬರಲಿರುವ ಜನರ ಊಟದ ಎಲೆಗೆ ಇಂದು ಗಿಡ ನೆಡುವ ಊರಿಗೆ ಹೊರಟು, ಎರಡು ತಿಂಗಳು ಮೊದಲೇ ಟಿಕೆಟ್ ಹುಡುಕಿದವನನ್ನು ಹುಚ್ಚನೆಂದು ನಗುವುದು ಎಷ್ಟು ಸರಿ ಎಂಬುದು ಬೇರೆ ಮಾತು. ಅಲ್ಲಿಯ ಪ್ಲಾನು ಶತಮಾನಗಳಿಂದ ಮುರಿಯದೆ ನಡೆದುಬಂದಿದೆ, ಹಾಗಾದರೆ ನಿಮ್ಮ ವಾದವೇನಾಯಿತು ಎಂದರೆ ಉತ್ತರ ಸರಳ: ಯತಿಗಳಿಗೆ ಭಾವಮೈದುನರಿಲ್ಲ.

ಫೋನಿದೆಯಲ್ಲ, ಇನ್ನು ಈ ಮನುಷ್ಯ ಯಾಕೆ ಎಂಬುದು ಹೊಸ ತಲೆಮಾರಿನ ಆಕ್ಷೇಪ. ಉಡುಪಿಯಿಂದ ಗೋಕರ್ಣಕ್ಕೆ ಎಷ್ಟು ಗಂಟೆ ಎಂದು ಮ್ಯಾಪು ಹೇಳುತ್ತದೆ ನಿಜ. ಚಿಕ್ಕಮ್ಮ ಕಿಟಕಿಯ ಪಕ್ಕದಲ್ಲಿ ಕೂತರೆ ತಲೆನೋವು, ಕೂರದಿದ್ದರೆ ಸಿಟ್ಟು ಎಂಬುದು ಅದಕ್ಕೆ ತಿಳಿಯದು. ಇದಕ್ಕಿಂತ ತೂಕದ ಆಕ್ಷೇಪ ಹೆಂಗಸರಿಂದ ಬಂದಿದೆ, ಅದೂ ಮಾತಿನಲ್ಲಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಸಂಜೆ ಕಾಂಪೌಂಡಿನ ಈಚೆ ಆಚೆ ನಿಂತು ಮಾತಾಡಿಕೊಂಡ ನಾಲ್ವರು, ಬೆಳಗ್ಗೆ ಪುಳಿಯೋಗರೆ ಕಟ್ಟಿಕೊಂಡು ಧರ್ಮಸ್ಥಳದ ಬಸ್ಸು ಹತ್ತುತ್ತಾರೆ. ಪಟ್ಟಿಯಿಲ್ಲ, ಫೈನಲ್ ಇಲ್ಲ, ಪ್ಲಾನಪ್ಪನಿಲ್ಲ. ದರ್ಶನವೂ ಆಗುತ್ತದೆ, ಊಟವೂ ಆಗುತ್ತದೆ. ಈ ಒಂದು ಪುರಾವೆಯ ಮುಂದೆ ನನ್ನ ವಾದ ಸ್ವಲ್ಪ ತಲೆ ತಗ್ಗಿಸಬೇಕು. ಇಷ್ಟನ್ನು ಮಾತ್ರ ಹೇಳಬಹುದು: ಆ ನಾಲ್ವರು ಗಂಡ, ಮಕ್ಕಳು, ಅತ್ತೆಯನ್ನು ಮನೆಯಲ್ಲಿ ಬಿಟ್ಟು ಬಂದಿರುತ್ತಾರೆ. ಬಿಟ್ಟು ಬರುವವರಿಗೆ ಪ್ಲಾನು ಬೇಕಿಲ್ಲ. ಕಟ್ಟಿಕೊಂಡು ಬರುವವರಿಗೆ ಬೇಕು.

ಕೊನೆಯ ಆರೋಪ, ಅವನೊಬ್ಬ ಸರ್ವಾಧಿಕಾರಿ ಎಂಬುದು. ಪ್ರವಾಸದ ಫೋಟೋಗಳನ್ನು ತೆಗೆದು ನೋಡಿದರೆ ಇದು ನಿಲ್ಲುವುದಿಲ್ಲ. ರಥಬೀದಿಯಲ್ಲಿ ಎಂಟು ಜನ, ಮರವಂತೆಯ ಬಂಡೆಗಳ ಮೇಲೆ ಎಂಟು ಜನ, 123 ಅಡಿಯ ಶಿವನ ಪಾದದ ಬಳಿ ಎಂಟು ಜನ. ಒಂಬತ್ತನೆಯವನು ಪಾರ್ಕಿಂಗಿನಲ್ಲಿ ಚಿಲ್ಲರೆಗಾಗಿ ನಿಂತಿರುತ್ತಾನೆ, ಇಲ್ಲವೇ ರೂಮಿನವನಿಗೆ ಫೋನು ಮಾಡಿ ‘ಎರಡು ಗಂಟೆ ತಡ’ ಎಂದು ಕೈಮುಗಿಯುತ್ತಿರುತ್ತಾನೆ. ಎಲ್ಲರಿಗೂ ಬಡಿಸಿದ ಮೇಲೆ ಅವನ ಎಲೆಗೆ ಸಾರು. ಕಡಲಿನ ಪಕ್ಕದ ಹೆದ್ದಾರಿಯುದ್ದಕ್ಕೂ ಡ್ರೈವರಿನ ಪಕ್ಕ ಕೂತು ಅವನು ನೋಡಿದ್ದು ಮೈಲಿಗಲ್ಲುಗಳನ್ನು. ಇಂಥ ಸರ್ವಾಧಿಕಾರಿ ಇನ್ನೂ ನಾಲ್ಕು ಜನ ಇದ್ದರೂ ನಾಡಿಗೆ ತೊಂದರೆಯಾಗದು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಪ್ಲಾನಪ್ಪ ಮುಂದಿನ ಸಲ ‘ಬೆಳಗ್ಗೆ 5.40ಕ್ಕೆ ಮನೆ ಬಿಡುವುದು’ ಎಂದು ಬರೆದಾಗ, ಅವನ ಮೇಲಿನ ಕನಿಕರದಿಂದ ಎಲ್ಲರೂ ಸ್ನಾನ ಮುಗಿಸಿ 5.40ಕ್ಕೆ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತುಬಿಡಬೇಡಿ. ಗಾಡಿ ಬಂದಿರುವುದಿಲ್ಲ. ಡ್ರೈವರಿಗೆ ಅವನು ಹೇಳಿರುವುದು ಆರೂವರೆಗೆ.